ಮರುಭೂಮಿ ರ‍್ಯಾಲಿಗೆ ಪಿಕಪ್ ಅಣಿಗೊಳಿಸುವುದು: ಎಂಜಿನ್ ಕೆಲಸ ಕೊನೆಗಿರಲಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ನಮ್ಮತ್ರ ಒಂದು ಪಿಕಪ್ ಐತೆ, ರಾಜಸ್ಥಾನದ ಮರಳಲ್ಲಿ ಓಡಿಸ್ಬೇಕು. ಪವರ್ ಎಷ್ಟು ಏರಿಸ್ಬೇಕು? ಎಷ್ಟು ಇಂಚು ಎತ್ತರಿಸ್ಬೇಕು?’

ಎರಡಕ್ಕೂ ಉತ್ತರ ಚಿಕ್ಕದು. ಪವರ್ ಮುಟ್ಟಬೇಡಿ. ಎತ್ತರ ಎರಡು ಇಂಚು ದಾಟಿಸಬೇಡಿ. ಹವ್ಯಾಸಿಗಳ ಗಾಡಿ ಮರಳಿನಲ್ಲಿ ಕೈಕೊಡುವುದು ಶಾಕ್ (ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್) ಬಿಸಿಯಾಗಿ ಸೋತಾಗ, ಬ್ಲೇಡ್ (ಹಿಂದಿನ ಉಕ್ಕಿನ ಪಟ್ಟಿಯ ಸ್ಪ್ರಿಂಗ್) ಮುರಿದಾಗ, ಟೈರಿನ ಪಕ್ಕೆ ಹರಿದಾಗ, ರೇಡಿಯೇಟರ್ ಕುದಿದಾಗ. ಕಂಪನಿಯಿಂದ ಬಂದ ಡೀಸೆಲ್ ಎಂಜಿನ್ನಿನ ಶಕ್ತಿ ಮೊದಲ ಎರಡು ಮೂರು ವರ್ಷದ ಕಲಿಕೆಗೆ ಧಾರಾಳ ಸಾಕು.

ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಮೂರು ರೋಲ್ ಕೇಜ್ (ಪಲ್ಟಿಯಾದಾಗ ತಲೆ ಕಾಯುವ ಪಂಜರ), ಸೀಟು, ಬೆಲ್ಟಿಗೆ, ಮೂರು ಸಸ್ಪೆನ್ಷನ್ನಿಗೆ, ಎರಡು ಟೈರಿಗೆ, ಒಂದು ಧೂಳು, ಬಿಸಿ, ವೈರಿಂಗ್ ಕೆಲಸಕ್ಕೆ, ಉಳಿದ ಒಂದು ಬಿಡಿಭಾಗಕ್ಕೆ. ಸ್ಟಿಕರ್, ಎಲ್‌ಇಡಿ ಬಾರ್, ಸದ್ದು ಮಾಡುವ ಸೈಲೆನ್ಸರ್ ಈ ಹತ್ತರೊಳಗೆ ಸೇರುವುದಿಲ್ಲ. ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ಹಿಂದಿನ ಹಂತದ ಅಳತೆ ಮುಂದಿನದಕ್ಕೆ ಬೇಕಾಗುತ್ತದೆ.

ಹಂತ 1: ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹಾಗಾಗಿ ನಂಬರು ಕೆಎ-06 ಇರಲಿ, 07 ಇರಲಿ, 40 ಇರಲಿ, ಕೇಜ್ ಕೂರಿಸಿ ಸಸ್ಪೆನ್ಷನ್ ಬದಲಿಸಿದ ಗಾಡಿಯನ್ನು ಬಿ.ಎಚ್. ರಸ್ತೆಯಲ್ಲಿ ಓಡಿಸಿದರೆ ಕೇಸು ನಿಮ್ಮ ಮೇಲೆ. ರೇಸಿಗೆ ಮಾಡಿದ ಗಾಡಿ ಕ್ಯಾರಿಯರ್ ಲಾರಿಯ ಮೇಲೆ ಹೋಗಬೇಕು. ತುಮಕೂರಿನವರಿಗೆ ಒಂದು ಅನುಕೂಲ: ಊರ ಪಕ್ಕದ ರಾಷ್ಟ್ರೀಯ ಹೆದ್ದಾರಿ 48 ಪುಣೆ, ಅಹಮದಾಬಾದ್ ದಾಟಿ ನೇರ ಉದಯಪುರಕ್ಕೇ ಒಯ್ಯುತ್ತದೆ. ರ‍್ಯಾಲಿಯ ಹಾದಿಯಲ್ಲಿ ಸಾರ್ವಜನಿಕ ರಸ್ತೆಯೂ ಬರುತ್ತದೆಯೇ, ಬಂದರೆ ಯಾವ ದಾಖಲೆ ಬೇಕು ಎಂಬುದನ್ನು ಗಾಡಿಗೆ ಕೈಹಾಕುವ ಮೊದಲೇ ಆಯೋಜಕರಿಂದ ಲಿಖಿತವಾಗಿ ಕೇಳಿಕೊಳ್ಳಿ.

ಇನ್ನೂ ಮೂರು ವಿಷಯ. ಮಾಮೂಲಿ ವಾಹನ ವಿಮೆ ಸಂಘಟಿತ ರೇಸಿಗೂ ವೇಗ ಪರೀಕ್ಷೆಗೂ ಅನ್ವಯಿಸುವುದಿಲ್ಲ. ಪಾಲಿಸಿಯ ‘ಬಳಕೆಯ ಮಿತಿ’ ಎಂಬ ಭಾಗ ಓದಿ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಮಾಡುವುದು 189ನೇ ಸೆಕ್ಷನ್ ಅಡಿ ಅಪರಾಧ. ಎಫ್‌ಎಂಎಸ್‌ಸಿಐ, ಅಂದರೆ ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟದ ಮಾನ್ಯತೆ ಇರುವ ಸ್ಪರ್ಧೆಯಾದರೆ ಚಾಲಕನಿಗೂ ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರಿಗೂ ಅದರ ಲೈಸೆನ್ಸ್ ಬೇಕು.

ಹಳದಿ ಬೋರ್ಡಿನ ಗಾಡಿ ಟೊಮೆಟೊ ಹೊತ್ತು ಮನೆ ನಡೆಸುತ್ತಿದ್ದರೆ ಅದನ್ನು ಕತ್ತರಿಸಬೇಡಿ. ಸಸ್ಪೆನ್ಷನ್ ಬದಲಿಸಿದ ಮೇಲೆ ಆ ಗಾಡಿ ಮತ್ತೆ ಒಂದು ಟನ್ ಹೊರಲಾರದು.

ಹಂತ 2: ಯಾವ ಗಾಡಿ, ಎಷ್ಟು ತೂಕ

ಮೂರು ಗುಣ ನೋಡಿ: ನಾಲ್ಕೂ ಚಕ್ರಕ್ಕೆ ಎಳೆತ ಮತ್ತು ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರ್, ಎರಡು ಸಾಲು ಸೀಟಿನ ಡಬಲ್ ಕ್ಯಾಬ್, ಸುಲಭಕ್ಕೆ ಸಿಗುವ ಬಿಡಿಭಾಗ. ನಮ್ಮಲ್ಲಿ 2016ರಲ್ಲಿ ಬಂದ ಇಸುಜು ವಿ-ಕ್ರಾಸ್ 4x4 ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವುದು ಆರಂಭಿಕರಿಗೆ ಒಳ್ಳೆಯ ಲೆಕ್ಕಾಚಾರ. 2022ರ ಟೊಯೊಟಾ ಹೈಲಕ್ಸ್ ಗಟ್ಟಿ, ಆದರೆ ದುಬಾರಿ. ಎರಡಕ್ಕೂ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಬ್ಲೇಡ್. 4x4 ಇರುವ ಬೊಲೆರೊ ಕ್ಯಾಂಪರ್ ವೇಗದಲ್ಲಿ ಹಿಂದೆ ಬಿದ್ದರೂ ಅದರ ಸಾಮಾನು ಮುಳಬಾಗಿಲಿನಲ್ಲೂ ಸಿಗುತ್ತದೆ, ರಾಜಸ್ಥಾನದ ಸಣ್ಣ ಊರಲ್ಲೂ ಸಿಗುತ್ತದೆ.

ಡಬಲ್ ಕ್ಯಾಬ್ ಏಕೆ? ಪಿಕಪ್ಪಿನ ಕ್ಯಾಬಿನ್ ಬೇರೆ, ಹಿಂದಿನ ಬಾಡಿ ಬೇರೆ. ಎರಡೂ ಒಂದೇ ಚಾಸಿಯ ಮೇಲೆ ಕೂತಿದ್ದರೂ ಹಳ್ಳದಲ್ಲಿ ಚಾಸಿ ತಿರುಚಿದಾಗ ಒಂದೊಂದು ಒಂದೊಂದು ಕಡೆ ವಾಲುತ್ತವೆ. ಕೇಜಿನ ಹಿಂದಿನ ಊರುಗೋಲು ಪೈಪುಗಳು ಕ್ಯಾಬಿನ್ನಿನ ಒಳಗೇ ನೆಲೆ ಕಾಣಬೇಕು. ಸಿಂಗಲ್ ಕ್ಯಾಬಿನಲ್ಲಿ ಅದಕ್ಕೆ ಜಾಗವಿಲ್ಲ. ಹಿಂಗೋಡೆ ತೂತು ಮಾಡಿ ಪೈಪನ್ನು ಹಿಂದಿನ ಬಾಡಿಗೆ ಬೆಸೆದರೆ ಎರಡನೇ ದಿನವೇ ಬೆಸುಗೆ ಬಿರಿಯುತ್ತದೆ.

ಗಾಡಿ ತಂದ ದಿನವೇ ತೂಕ ಹಾಕಿಸಿ. ಕೋಲಾರದ ಎಪಿಎಂಸಿ ಆಸುಪಾಸಿನಲ್ಲಿ ವೇಬ್ರಿಡ್ಜ್‌ಗಳಿವೆ. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ಚೀಟಿ, ಇಡೀ ಗಾಡಿ ಹತ್ತಿಸಿ ಒಂದು, ಹಿಂದಿನ ಚಕ್ರ ಮಾತ್ರ ಉಳಿಸಿ ಒಂದು. ಸ್ಪ್ರಿಂಗ್ ಆರಿಸುವುದು ಈ ಮೂರು ಅಂಕಿಗಳ ಮೇಲೆ. ಆಮೇಲೆ ಹಿಂದಿನ ಸೀಟು, ಕಾರ್ಪೆಟ್, ಉಕ್ಕಿನ ಬಂಪರ್, ಏರುಮೆಟ್ಟಿಲು, ಟೋ ಬಾರ್ ಎಲ್ಲ ಕಳಚಿ. ಕೇಜ್, ಎರಡು ಸ್ಟೆಪ್ನಿ, ಹತಾರ ಸೇರಿ ಗಾಡಿಯ ತೂಕ ಮತ್ತೆ ಮೇಲೇರುತ್ತದೆ. ಕಳಚಿದ್ದಕ್ಕೂ ಸೇರಿಸಿದ್ದಕ್ಕೂ ಸರಿಹೊಂದಿದರೆ ಗೆದ್ದಂತೆ.

ಹಂತ 3: ರೋಲ್ ಕೇಜ್, ಸೀಟು, ಬೆಲ್ಟ್

ಗಾಡಿ ಪಲ್ಟಿಯಾದಾಗ ಚಾವಣಿ ತಲೆಯ ಮೇಲೆ ಕುಸಿಯದಂತೆ ತಡೆಯುವ ಉಕ್ಕಿನ ಪಂಜರವೇ ರೋಲ್ ಕೇಜ್. ಇಲ್ಲಿ ಚೌಕಾಸಿ ಬೇಡ.

ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಹೇಳುವ ಅಳತೆ ಹೀಗಿದೆ. ಪೈಪು ತಣ್ಣಗೆ ಎಳೆದ, ಹೊಲಿಗೆಯಿಲ್ಲದ ಕಾರ್ಬನ್ ಉಕ್ಕಿನದಾಗಿರಬೇಕು. ಕರ್ಷಣ ಬಲ, ಅಂದರೆ ಎಳೆದರೆ ಹರಿಯದೆ ತಡೆಯುವ ಶಕ್ತಿ, ಚದರ ಮಿ.ಮೀ.ಗೆ ಕನಿಷ್ಠ 350 ನ್ಯೂಟನ್. ಸೀಟಿನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ಅಡ್ಡಳತೆಯ 2.5 ಮಿ.ಮೀ. ದಪ್ಪದ ಪೈಪು, ಇಲ್ಲವೇ 50ಕ್ಕೆ 2 ಮಿ.ಮೀ. ಉಳಿದ ಕೊಂಡಿಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಮುಖ್ಯ ಕಮಾನು ಜೋಡಣೆಯಿಲ್ಲದ ಒಂದೇ ಪೈಪು. ಬಾಗಿದ ಕಡೆ ತಿರುವಿನ ತ್ರಿಜ್ಯ ಪೈಪಿನ ಅಡ್ಡಳತೆಯ ಮೂರು ಪಟ್ಟಿಗಿಂತ ಕಡಿಮೆ ಇರಬಾರದು. ನೆಲಕ್ಕೆ ಕೂರುವ ಪ್ರತಿ ಮುಖ್ಯ ಕಾಲಿನಡಿ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಬಲವರ್ಧಕ ತಗಡು. ಕಾಲಿಗೆ ಕನಿಷ್ಠ ಮೂರು ಎಂ8 (8 ಮಿ.ಮೀ.) ಬೋಲ್ಟ್, 8.8 ಗ್ರೇಡ್.

ನಮ್ಮ ಕಡೆ ನಡೆಯುವ ತಪ್ಪುಗಳು ನಾಲ್ಕು.

ಒಂದು, ಗೇಟು, ಗ್ರಿಲ್ ಮಾಡುವ ಕಡೆ ಹೋಗಿ ನೀರಿನ ಜಿಐ ಪೈಪಿನಲ್ಲೇ ಕೇಜ್ ಮಾಡಿಸುವುದು. ನೋಡಲು ದಪ್ಪ. ಉದ್ದಕ್ಕೂ ಹೊಲಿಗೆ ಇರುವ ಈ ಪೈಪು ಪೆಟ್ಟು ಬಿದ್ದಾಗ ಹೊಲಿಗೆಯ ಗುಂಟ ಸೀಳುತ್ತದೆ, ಜೊತೆಗೆ ಸತುವಿನ ಲೇಪದಿಂದ ಬೆಸುಗೆಯೂ ಟೊಳ್ಳಾಗುತ್ತದೆ.

ಎರಡು, ಪೈಪಿಗೆ ಮರಳು ತುಂಬಿ, ಕಾಯಿಸಿ ಬಗ್ಗಿಸುವುದು. ಕಾದ ಜಾಗದಲ್ಲಿ ಉಕ್ಕಿನ ಬಲ ಹೋಗುತ್ತದೆ. ಮ್ಯಾಂಡ್ರೆಲ್ ಬೆಂಡಿಂಗ್, ಅಂದರೆ ಪೈಪಿನೊಳಗೆ ದಂಡ ಇಟ್ಟು ತಣ್ಣಗೆ ಬಗ್ಗಿಸುವ ಯಂತ್ರ ಇರುವ ಕಡೆಯೇ ಮಾಡಿಸಿ.

ಮೂರು, ಚಾವಣಿಯ ತಗಡಿಗೆ ಅಂಟಿದ ಪೈಪಿನ ಮೇಲ್ಭಾಗಕ್ಕೆ ಬೆಸುಗೆಯ ಟಾರ್ಚ್ ಎಟುಕದೆ ಮುಕ್ಕಾಲು ಸುತ್ತು ಮಾತ್ರ ಬೆಸೆಯುವುದು. ಬೆಸುಗೆ ಪೂರ್ತಿ ಸುತ್ತು ಇರಲೇಬೇಕು. ಕಾಲಿನ ತಗಡು ಕೂರಿಸುವ ಮೊದಲು ನೆಲದಲ್ಲಿ ತೂತು ಕೊರೆದು ಕೇಜನ್ನು ಕೆಳಗಿಳಿಸಿ, ಮೇಲಿನ ಬೆಸುಗೆ ಮುಗಿಸಿ, ಮತ್ತೆ ಎತ್ತಿ ತಗಡು ಹಾಕುವುದು ಬಲ್ಲವರ ರೂಢಿ.

ನಾಲ್ಕು, ಎರಡು ಕಾಲು ಕ್ಯಾಬಿನ್ ನೆಲಕ್ಕೆ, ಎರಡು ಕಾಲು ನೇರ ಚಾಸಿಗೆ. ಕ್ಯಾಬಿನ್ ರಬ್ಬರ್ ಬುಷ್ ಮೇಲೆ ಅಲುಗಾಡುತ್ತಿರುತ್ತದೆ, ಚಾಸಿ ಅಲುಗದು. ನೆಲ ಹರಿಯುತ್ತದೆ. ಎಲ್ಲ ಕಾಲೂ ಒಂದೇ ಕಡೆ ನಿಲ್ಲಲಿ. ಮೊದಲ ಗಾಡಿಗೆ ಕ್ಯಾಬಿನ್ ನೆಲವೇ ಸಾಕು.

ಸೀಟು ಎಫ್‌ಐಎ ಗುರುತಿನ ಗಟ್ಟಿ ಚಿಪ್ಪಿನದಿರಲಿ, ಹಿಂದೆ ಮುಂದೆ ಜಾರುವ ರೈಲು ಬೇಡ. ಪ್ರತಿ ಸೀಟಿಗೆ ಕನಿಷ್ಠ ನಾಲ್ಕು ಎಂ8 ಬೋಲ್ಟ್. ಬೆಲ್ಟಿನ ಭುಜದ ಪಟ್ಟಿಗಳು ಹಿಂದಕ್ಕೆ ಹೋಗುವಾಗ ಭುಜದ ಮಟ್ಟದಿಂದ 45 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯಬಾರದು. 10 ಡಿಗ್ರಿ ದಾಟದಿದ್ದರೆ ಉತ್ತಮ. ಪಟ್ಟಿಯನ್ನು ನೇರ ನೆಲಕ್ಕೆ ಕಟ್ಟಿದರೆ ಪೆಟ್ಟಿನ ಹೊತ್ತಿಗೆ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಸೊಂಟದ ಪಟ್ಟಿ ಕೂರಬೇಕಾದ್ದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ. ಬೆಲ್ಟಿನ ಚೀಟಿಯಲ್ಲಿ ಅವಧಿ ಮುಗಿಯುವ ವರ್ಷ ನೋಡಿಯೇ ಕೊಳ್ಳಿ. ಅಗ್ಗಕ್ಕೆ ಸಿಗುವ ಹಳೆಯ ಬೆಲ್ಟ್ ತಪಾಸಣೆಯಲ್ಲಿ ತಿರಸ್ಕಾರವಾಗುತ್ತದೆ.

ಮೇನ್ ಸ್ವಿಚ್ ಒಳಗಿನಿಂದಲೂ ಹೊರಗಿನಿಂದಲೂ ಆರಿಸುವಂತಿರಬೇಕು, ಆರಿಸಿದರೆ ಎಂಜಿನ್ನೂ ನಿಲ್ಲಬೇಕು. ಹೊರಗಿನದಕ್ಕೆ ಬಿಳಿ ಅಂಚಿನ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಗುರುತು, ತಳ ಕನಿಷ್ಠ 12 ಸೆಂ.ಮೀ. ಬೆಂಕಿ ಆರಿಸುವ ಸಿಲಿಂಡರು ಬೆಲ್ಟ್ ಕಟ್ಟಿಕೊಂಡು ಕೂತಾಗಲೂ ಇಬ್ಬರ ಕೈಗೂ ಎಟುಕಬೇಕು.

ಹಂತ 4: ಚಾಸಿ

ಹಿಂದಿನ ಬಾಡಿ ಕಳಚಿ, ಚಾಸಿಯನ್ನು ತೊಳೆದು, ತಂತಿ ಬ್ರಷ್ ಹಾಕಿ ಬಿರುಕು ಹುಡುಕಿ. ಬ್ಲೇಡಿನ ಹ್ಯಾಂಗರ್, ಶಾಕ್ ಕಚ್ಚುವ ಬ್ರಾಕೆಟ್, ಸ್ಟೀರಿಂಗ್ ಬಾಕ್ಸಿನ ಸುತ್ತ, ಕ್ಯಾಬಿನ್ ಮುಗಿದು ಹಿಂದಿನ ಬಾಡಿ ಆರಂಭವಾಗುವ ಸಂದು, ಇವು ಮೊದಲು ಸೋಲುವ ಜಾಗ. ಬಲಪಡಿಸಲು 3ರಿಂದ 4 ಮಿ.ಮೀ. ತಗಡು ಸಾಕು. ತಗಡನ್ನು ಚೌಕವಾಗಿ ಕತ್ತರಿಸಬೇಡಿ, ತುದಿ ಮೀನಿನ ಬಾಲದಂತೆ ಅಥವಾ ವಜ್ರದಂತೆ ಚೂಪಾಗಿರಲಿ. ಚಾಸಿಗೆ ಅಡ್ಡಲಾಗಿ ನೆಟ್ಟಗೆ ಎಳೆದ ಬೆಸುಗೆಯ ಗೆರೆಯೇ ಮುಂದಿನ ಬಿರುಕಿನ ಗೆರೆ. ಒಂದಿಂಚು ಬೆಸೆದು ಒಂದಿಂಚು ಬಿಟ್ಟು ಹೋಗಿ.

ಬೆಸುಗೆಗೆ ಮುನ್ನ ಬ್ಯಾಟರಿಯ ಎರಡೂ ತಂತಿ, ಆಲ್ಟರ್ನೇಟರ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪ್ಲಗ್ ಕಳಚಿ. ಅರ್ಥ್ ಕ್ಲ್ಯಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ. ಲಾರಿ ಬಾಡಿ ಕಟ್ಟುವ ನುರಿತ ಕೈಗಳಿಗೂ ಇದನ್ನು ಒಂದು ಮಾತು ನೆನಪಿಸಿ. ಹಳೆಯ ಲಾರಿಯಲ್ಲಿ ಸುಡಲು ಕಂಪ್ಯೂಟರೇ ಇರಲಿಲ್ಲ.

ಹಂತ 5: ಸಸ್ಪೆನ್ಷನ್

ಸಮಯ, ದುಡ್ಡು, ತಲೆ ಹೆಚ್ಚು ಖರ್ಚಾಗುವುದು ಇಲ್ಲೇ. ಎರಡು ಪದ ತಿಳಿದಿರಲಿ. ಚಕ್ರ ಮೇಲಕ್ಕೆ ಒತ್ತಿ ಹೋಗುವ ಕೊನೆ ‘ಬಂಪ್’, ಗಾಡಿ ಹಾರಿದಾಗ ಚಕ್ರ ಕೆಳಕ್ಕೆ ಜೋತುಬೀಳುವ ಕೊನೆ ‘ಡ್ರೂಪ್’. ಇವೆರಡರ ನಡುವಿನ ಅಂತರವೇ ನಿಮ್ಮ ಸಸ್ಪೆನ್ಷನ್ನಿನ ಓಟ. ಕಿಟ್ ಕೊಂಡು ತಂದು ಆಮೇಲೆ ಅಳೆಯುವುದು ಬೇಡ, ಅಳೆದು ಕೊಳ್ಳಿ.

*ಮುಂಭಾಗ.* ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ, ಸ್ಪ್ರಿಂಗ್ ಮತ್ತು ಶಾಕ್ ಹೊರತೆಗೆಯಿರಿ. ಒತ್ತಿಟ್ಟ ಕಾಯಿಲ್ ಸ್ಪ್ರಿಂಗನ್ನು ಕಂಪ್ರೆಸರ್ ಹತಾರ ಇಲ್ಲದೆ ಬಿಚ್ಚಿದರೆ ಅದು ಸಿಡಿದು ಆಳನ್ನೇ ಕೊಲ್ಲಬಲ್ಲದು. ಈಗ ಸ್ಪ್ರಿಂಗ್ ಇಲ್ಲದ ಕೆಳತೋಳನ್ನು ಜಾಕಿಯಿಂದ ನಿಧಾನ ಎತ್ತಿ. ಟೈರ್ ಮಡ್ಗಾರ್ಡಿಗೆ ತಾಗುತ್ತದೆಯೇ, ಬ್ರೇಕ್ ಪೈಪು ಸಿಕ್ಕಿಹಾಕಿಕೊಳ್ಳುತ್ತದೆಯೇ ನೋಡಿ ಬಂಪ್ ಕೊನೆಯನ್ನು ಗುರುತು ಮಾಡಿ. ಆಮೇಲೆ ಇಳಿಸುತ್ತ ಹೋಗಿ. ಬಾಲ್ ಜಾಯಿಂಟ್ ಬಿಗಿಯುವ ಅಥವಾ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿದಾಗ ಕಚ್ಚುವ ಜಾಗ ಬಂತೆಂದರೆ ಡ್ರೂಪ್ ಮುಗಿಯಿತು.

ಶಾಕ್ ಆರಿಸುವ ಸೂತ್ರ: ಪೂರ್ತಿ ಮುಚ್ಚಿದ ಶಾಕ್ ಉದ್ದ, ಬಂಪ್ ಕೊನೆಯಲ್ಲಿನ ಅಂತರಕ್ಕಿಂತ 10–12 ಮಿ.ಮೀ. ಕಡಿಮೆ ಇರಬೇಕು, ಪೂರ್ತಿ ತೆರೆದ ಉದ್ದ, ಡ್ರೂಪ್ ಕೊನೆಗಿಂತ ಅಷ್ಟೇ ಹೆಚ್ಚಿರಬೇಕು. ಶಾಕ್ ತನ್ನ ಕೊನೆ ಮುಟ್ಟುವ ಮೊದಲು ಮೇಲೆ ಬಂಪ್ ಸ್ಟಾಪ್ ರಬ್ಬರೂ, ಕೆಳಗೆ ಲಿಮಿಟ್ ಸ್ಟ್ರಾಪ್ ಎಂಬ ಗಟ್ಟಿ ನೇಯ್ಗೆಯ ಪಟ್ಟಿಯೂ ಪೆಟ್ಟು ತಿನ್ನಬೇಕು. ಪಟ್ಟಿ ಇಲ್ಲದ ಗಾಡಿ ಪ್ರತಿ ಸಲ ಹಾರಿದಾಗಲೂ ಶಾಕನ್ನು ಹಗ್ಗದಂತೆ ಜಗ್ಗುತ್ತದೆ, ಒಳಗಿನ ಪಿಸ್ಟನ್ ಕಳಚಿ ಬರುತ್ತದೆ. ಹೊಸ ಪಟ್ಟಿ ಮೊದಲ ದಿನ ಹಿಗ್ಗುತ್ತದೆ, ಪರೀಕ್ಷೆ ಮುಗಿದ ಮೇಲೆ ಮತ್ತೆ ಅಳೆಯಿರಿ. ಬಂಪ್ ಸ್ಟಾಪ್ ಅರ್ಧ ಕತ್ತರಿಸಿದರೆ ಓಟ ಹೆಚ್ಚುತ್ತದೆಂಬುದು ಗ್ಯಾರೇಜುಗಳಲ್ಲಿ ಓಡಾಡುವ ಮಾತು. ಹೆಚ್ಚುತ್ತದೆ, ಕೆಳತೋಳು ಚಾಸಿಗೆ ಬಡಿಯುವ ತನಕ.

ಎರಡು ಇಂಚಿನ ಮಿತಿ ಹೇಳಿದ್ದಕ್ಕೆ ಕಾರಣ ಈ ಡ್ರೈವ್ ಶಾಫ್ಟ್. ಮುಂಭಾಗ ಎತ್ತರಿಸಿದಷ್ಟೂ ಅದರ ಕೋನ ಕಡಿದಾಗುತ್ತದೆ, ರಬ್ಬರ್ ಬೂಟ್ ಹರಿಯುತ್ತದೆ, ಗ್ರೀಸಿಗೆ ಮರಳು ಸೇರುತ್ತದೆ. ಮುಂದಿನದು ಸಾಣೆ ಹಿಡಿದಂತೆ. ಎತ್ತರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಕದಲಬೇಡಿ.

*ಹಿಂಭಾಗ.* ಪಿಕಪ್ಪಿನ ಬ್ಲೇಡ್ ಸೆಟ್ ಮೂಟೆ ಹೊರಲು ಹುಟ್ಟಿದ್ದು. ಖಾಲಿ ಗಾಡಿ ದಿಣ್ಣೆ ಹತ್ತಿದರೆ ಹಿಂಭಾಗ ಕತ್ತೆಯಂತೆ ಒದೆಯುತ್ತದೆ. ಹೀಗೆ ಮಾಡಿ:

ಸೆಟ್ಟಿನ ಅಡಿಯಲ್ಲಿರುವ ದಪ್ಪ, ನೆಟ್ಟನೆಯ ಓವರ್‌ಲೋಡ್ ಬ್ಲೇಡ್ ತೆಗೆಯಿರಿ. ಮೇನ್ ಬ್ಲೇಡು, ಅದರ ಕಣ್ಣನ್ನು ಸುತ್ತಿ ಕಾಯುವ ಎರಡನೇ ಬ್ಲೇಡು ಇವನ್ನು ಮುಟ್ಟಬೇಡಿ. ಇವೆರಡರ ಕೆಳಗೆ ಉದ್ದನೆಯ, ತೆಳುವಾದ ಒಂದು ಹೊಸ ಬ್ಲೇಡ್ ಸೇರಿಸಿ. ದಪ್ಪದ ಒಂದು ಬ್ಲೇಡಿಗಿಂತ ತೆಳುವಾದ ಎರಡು ಮೃದುವಾಗಿ ಬಾಗುತ್ತವೆ, ಮುರಿಯುವುದೂ ಕಡಿಮೆ. ಬ್ಲೇಡುಗಳ ತುದಿಗೆ ನೈಲಾನ್ ಪ್ಯಾಡ್ ಕೂರಿಸಿ. ಗ್ರೀಸು ಬಳಿಯುವುದು ಲಾರಿಗೆ ಸರಿ. ಮರಳಿನಲ್ಲಿ ಗ್ರೀಸು ಎಂದರೆ ಉಜ್ಜು ಕಾಗದ.

ಬ್ಲೇಡುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟ್ ಹೈ ಟೆನ್ಸೈಲ್ (ಹೆಚ್ಚು ಎಳೆತ ತಾಳುವ) ಹೊಸದು, ಬ್ಲೇಡನ್ನು ಹೌಸಿಂಗಿಗೆ (ಹಿಂದಿನ ಆಕ್ಸಲಿನ ಉಕ್ಕಿನ ಕವಚ) ಬಿಗಿಯುವ ಯು ಬೋಲ್ಟ್ ನಾಲ್ಕೂ ಹೊಸವು. ಒಮ್ಮೆ ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಮತ್ತೆ ಬಿಗಿ ಹಿಡಿಯದು. ಮ್ಯಾನುಯಲ್ ಹೇಳಿದ ಟಾರ್ಕಿಗೆ ಟಾರ್ಕ್ ರೆಂಚಿನಿಂದಲೇ ಬಿಗಿದು, 50 ಕಿ.ಮೀ.ಗೆ ಒಮ್ಮೆ, 200ಕ್ಕೆ ಒಮ್ಮೆ ಮತ್ತೆ ಬಿಗಿಯಿರಿ. ಯು ಬೋಲ್ಟ್ ಸಡಿಲವಾದರೆ ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಆಮೇಲೆ ಹೌಸಿಂಗೇ ಓರೆಯಾಗಿ ಗಾಡಿ ಏಡಿಯಂತೆ ಅಡ್ಡಡ್ಡ ಓಡುತ್ತದೆ.

ಹೌಸಿಂಗಿಗೂ ಬ್ಲೇಡಿಗೂ ನಡುವೆ ಕಬ್ಬಿಣದ ತುಂಡಿಟ್ಟು ಎತ್ತರಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಮರಳಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹೌಸಿಂಗ್ ಹಿಂದಕ್ಕೆ ಹೊರಳಿ ಬ್ಲೇಡನ್ನು ‘ಎಸ್’ ಆಕಾರಕ್ಕೆ ತಿರುಚುತ್ತದೆ. ಒಲೆಯಲ್ಲಿ ಕಾಯಿಸಿ ಬಾಗು ಹೆಚ್ಚಿಸಿದ ಹಳೆಯ ಬ್ಲೇಡೂ ಬೇಡ. ಅದರ ಹದ ಹೋಗಿರುತ್ತದೆ.

*ಶಾಕ್ ಎಂಥದ್ದು?* ಮಾಮೂಲಿ ಶಾಕಿನಲ್ಲಿ ಎಣ್ಣೆಯೂ ಗಾಳಿಯೂ ಒಂದೇ ಕಡೆ ಇರುತ್ತವೆ. ಅಲೆಯಲೆಯಾದ ಹಾದಿಯಲ್ಲಿ ಹತ್ತು ನಿಮಿಷ ಓಡಿದರೆ ಎಣ್ಣೆ ನೊರೆಯಾಗಿ ಹಿಡಿತ ಹೋಗುತ್ತದೆ. ಎಣ್ಣೆಯನ್ನೂ ನೈಟ್ರೋಜನ್ನನ್ನೂ ಬೇರ್ಪಡಿಸಿದ, ಪಕ್ಕದಲ್ಲಿ ಇನ್ನೊಂದು ಡಬ್ಬಿ ಇರುವ ರಿಸರ್ವಾಯರ್ ಶಾಕ್ ಕೊಳ್ಳಿ. ಅದಕ್ಕೆ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ನೈಟ್ರೋಜನ್ ತುಂಬುತ್ತಾರೆ. ತಯಾರಕರು ಬರೆದದ್ದೇ ಅಂತಿಮ. ಪಂಕ್ಚರ್ ಅಂಗಡಿಯ ನೈಟ್ರೋಜನ್ ಯಂತ್ರಕ್ಕೆ ಈ ಒತ್ತಡ ಬರುವುದಿಲ್ಲ. ಎ.ಸಿ., ಫ್ರಿಜ್ ರಿಪೇರಿಯವರು ಸೋರಿಕೆ ನೋಡಲು ಸಿಲಿಂಡರೂ ರೆಗ್ಯುಲೇಟರೂ ಇಟ್ಟಿರುತ್ತಾರೆ, ಅವರನ್ನು ಕೇಳಿ. ದುಡ್ಡು ಸಾಲದಿದ್ದರೆ ಒಳ್ಳೆಯ ಶಾಕ್ ಮೊದಲು ಹಿಂದಕ್ಕೆ ಹಾಕಿ ಎನ್ನುವವರಿದ್ದಾರೆ. ನಾಲ್ಕಕ್ಕೂ ದುಡ್ಡು ಕೂಡುವ ತನಕ ಕಾಯುವುದೇ ಸರಿ. ಹಿಂದೆ ಒಂದು ಗುಣ ಮುಂದೆ ಒಂದು ಗುಣ ಇರುವ ಗಾಡಿ ಹಾರಿದಾಗ ಮೂಗು ಕುಟ್ಟುತ್ತದೆ.

ಹಂತ 6: ಟೈರು

ದೊಡ್ಡ ಗುಬಟಿನ ಮಡ್ ಟೈರ್ ಮರಳಿಗೆ ಒಳ್ಳೆಯದಲ್ಲ. ಅದು ಗುಂಡಿ ತೋಡಿ ತಾನೇ ಹೂತುಕೊಳ್ಳುತ್ತದೆ. ಗಟ್ಟಿ ಪಕ್ಕೆಯ ಆಲ್-ಟೆರೈನ್ ಕೊಳ್ಳಿ. ಥಾರ್ ಮರುಭೂಮಿಯಲ್ಲಿ ಬರೀ ಮರಳಿಲ್ಲ, ಚೂಪುಗಲ್ಲೂ ಜಾಲಿಮುಳ್ಳೂ ಇವೆ. ಪಾವಗಡದ ಹೊಲದ ದಾರಿ ಕಂಡವರಿಗೆ ಮುಳ್ಳಿನ ಬಗ್ಗೆ ಹೇಳಬೇಕಿಲ್ಲ.

245/70 ಆರ್16 ಟೈರಿನ ಎತ್ತರ ಸುಮಾರು 749 ಮಿ.ಮೀ. 265/70 ಆರ್16 ಹಾಕಿದರೆ 777. ಶೇ 3.7 ಹೆಚ್ಚಳ, ಇಷ್ಟು ತಾಳಿಕೊಳ್ಳಬಹುದು. 265/75 ಹಾಕಿದರೆ 804. ಶೇ 7 ದಾಟಿತು, ಎಳೆತ ಅಷ್ಟೇ ಕುಗ್ಗಿತು, ಕ್ಲಚ್ ಪ್ಲೇಟಿನ ಆಯುಸ್ಸೂ ಕುಗ್ಗಿತು. ಪವರ್ ಏರಿಸಬೇಕೆಂದು ಕೇಳುವ ಅರ್ಧ ಜನರ ಸಮಸ್ಯೆ ಅತಿ ದೊಡ್ಡ ಟೈರು.

ಗಾಳಿಯ ಒತ್ತಡ, ತಣ್ಣಗಿದ್ದಾಗ ಅಳೆದದ್ದು:

ಗಟ್ಟಿ ನೆಲ, ಕಲ್ಲು: 28–32 ಪಿಎಸ್‌ಐ
ಸಡಿಲ ಮರಳು: 16–18
ಹೂತುಹೋದಾಗ ಹೊರಬರಲು ಮಾತ್ರ: 13–14

ಇದಕ್ಕಿಂತ ಇಳಿದರೆ ತಿರುವಿನಲ್ಲಿ ಟೈರ್ ಡಿಸ್ಕ್ ಬಿಟ್ಟು ಕಳಚಿಕೊಳ್ಳುತ್ತದೆ. ಗಾಳಿ ಇಳಿಸಿದ ಟೈರಿನಲ್ಲಿ ಕಲ್ಲುಹಾದಿಯ ಮೇಲೆ ವೇಗವಾಗಿ ಹೋದರೆ ಪಕ್ಕೆ ಸುಟ್ಟು ಸೀಳುತ್ತದೆ. ಟೈರ್ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮಧ್ಯಾಹ್ನದ ಅಳತೆ ನೋಡಿ ಗಾಳಿ ಬಿಟ್ಟರೆ ಮಾರನೇ ಬೆಳಗಿನ ಚಳಿಯಲ್ಲಿ ಟೈರ್ ಸಪ್ಪೆಯಾಗಿರುತ್ತದೆ. ಅದೇ ಅಳತೆಯ ಸ್ಟೆಪ್ನಿ ಎರಡು ಬೇಕು, ಒಂದು ಸಾಲದು.

ಹಂತ 7: ಧೂಳು ಮತ್ತು ಬಿಸಿ

ಬೋರ್‌ವೆಲ್ ಕೊರೆಯುವ ಲಾರಿ ಕಂಡಿದ್ದೀರಲ್ಲ? ಅದರ ಕಂಪ್ರೆಸರಿನ ಉಸಿರುಕೊಳವೆಯ ತುದಿಯಲ್ಲಿ ಬಟ್ಟಲಿನಂಥ ಪ್ರಿ-ಕ್ಲೀನರ್ ಇರುತ್ತದೆ; ಟ್ರ್ಯಾಕ್ಟರಿಗೂ ಇರುತ್ತದೆ. ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಹೊರಗೇ ಬೀಳಿಸುವುದು ಅದರ ಕೆಲಸ. ಗಾಡಿಯ ಏರ್ ಫಿಲ್ಟರಿಗೆ ಮುಂಚೆ ಇಂಥದ್ದೊಂದು ಕೂರಿಸಿ. ಒಳಗಿನ ಕಾಗದದ ಫಿಲ್ಟರ್ ಕಂಪನಿಯದೇ ಇರಲಿ. ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಗಾಳಿ ಹೆಚ್ಚು ಬಿಡುತ್ತದೆ, ನುಣ್ಣನೆಯ ಧೂಳನ್ನೂ ಬಿಡುತ್ತದೆ, ಎಣ್ಣೆ ಹಾರಿ ಗಾಳಿ ಅಳೆಯುವ ಸೆನ್ಸರಿಗೂ ಮೆತ್ತಿಕೊಳ್ಳುತ್ತದೆ.

ಫಿಲ್ಟರಿನಿಂದ ಟರ್ಬೊವರೆಗಿನ ಪೈಪನ್ನು ಬಿಚ್ಚಿ ಬಿಳಿ ಬಟ್ಟೆಯಿಂದ ಒಳಗೆ ಒರೆಸಿ. ಕೆಂಪುಮಣ್ಣಿನ ಕಲೆ ಕಂಡರೆ ಎಲ್ಲೋ ಕ್ಲಿಪ್ ಸಡಿಲ. ಹಾಗೇ ಓಡಿಸಿದರೆ ಟರ್ಬೊ ರೆಕ್ಕೆಯೂ ಪಿಸ್ಟನ್ ರಿಂಗೂ ಸವೆದು ಎಂಜಿನ್ ಹೊಗೆ ಉಗುಳಲು ಶುರುಮಾಡುತ್ತದೆ. ಫಿಲ್ಟರಿಗೆ ಗಾಳಿ ಹೊಡೆಯುವಾಗ ಒಳಗಿನಿಂದ ಹೊರಕ್ಕೆ ಹೊಡೆಯಿರಿ.

ರೇಡಿಯೇಟರಿನ ರೆಕ್ಕೆಗಳ ನಡುವೆ ಕೂತ ಮಣ್ಣನ್ನು ಎಂಜಿನ್ ಕಡೆಯಿಂದ ನೀರು ಹಾಯಿಸಿ ತೊಳೆಯಿರಿ. ವಾಟರ್ ಸರ್ವೀಸಿನವರ ಜೋರು ಪ್ರೆಷರ್ ಆ ರೆಕ್ಕೆಗಳನ್ನು ಮಡಚಿಬಿಡುತ್ತದೆ. ಮುಂದೆ ಉದ್ದುದ್ದ ಲೈಟ್ ಬಾರ್ ಕಟ್ಟಿ ಗಾಳಿ ತಡೆಯಬೇಡಿ. ಗೇರ್‌ಬಾಕ್ಸ್, ಹೌಸಿಂಗ್‌ಗಳ ಉಸಿರುಕೊಳವೆಗಳನ್ನು ರಬ್ಬರ್ ನಳಿಕೆಯಿಂದ ಎಂಜಿನ್ ಕೋಣೆಯ ಮೇಲಕ್ಕೆ ಒಯ್ಯಿರಿ.

ಹಂತ 8: ಬ್ರೇಕು, ತಂತಿ, ಡೀಸೆಲ್

ಸಸ್ಪೆನ್ಷನ್ ಓಟ ಬದಲಾದರೆ ಬ್ರೇಕಿನ ರಬ್ಬರ್ ಪೈಪು ಡ್ರೂಪ್ ಕೊನೆಯಲ್ಲಿ ಬಿಗಿಯುತ್ತದೆ. ಉಕ್ಕಿನ ಹೆಣಿಗೆಯ ಉದ್ದದ ಪೈಪು ಹಾಕಿ. ಬ್ರೇಕ್ ಆಯಿಲ್ ಹೊಸ ಡಾಟ್ 4. ಅದು ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಹೀರಿದ ಹಳೆಯದು 155ರ ಆಸುಪಾಸಿಗೇ ಕುದಿಯಬಹುದು. ತಂತಿಗಳಿಗೆ ಕೊಳವೆ ತೊಡಿಸಿ, ತಗಡಿನ ಅಂಚು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಕೂರಿಸಿ. ಬ್ಯಾಟರಿಗೆ ಲೋಹದ ಪಟ್ಟಿಯ ಬಿಗಿತ.

ಹೆದ್ದಾರಿಯಲ್ಲಿ ಲೀಟರಿಗೆ 12 ಕೊಡುವ ಗಾಡಿ ಮರಳಿನಲ್ಲಿ 4 ಕೊಟ್ಟರೆ ಬೇಸರ ಪಡಬೇಡಿ. 200 ಕಿ.ಮೀ. ಹಾದಿಗೆ 50 ಲೀಟರ್, ಅದರ ಮೇಲೆ ಕಾಲುಭಾಗ ಸೇರಿಸಿ 62–63. ಕ್ಯಾಬಿನ್ನಿನಲ್ಲಿ ಕ್ಯಾನು ಇಡುವಂತಿಲ್ಲ.

ಹಂತ 9: ಹೂತಾಗ ಬೇಕಾದ ಸಾಮಾನು

ಚಕ್ರದಡಿ ತೂರಿಸುವ ಸ್ಯಾಂಡ್ ಟ್ರ್ಯಾಕ್ ಹಲಗೆ ಎರಡು ಜೊತೆ, ಗಿಡ್ಡ ಹಿಡಿಯ ಸಲಿಕೆ, ಬ್ಯಾಟರಿಗೆ ನೇರ ಜೋಡಿಸುವ ಕಂಪ್ರೆಸರ್, ಒತ್ತಡ ಅಳೆಯುವ ಗೇಜು, ಹಿಗ್ಗುವ ಎಳೆಹಗ್ಗ, 4.75 ಟನ್ ಗುರುತಿನ ಶ್ಯಾಕಲ್ (ಹಗ್ಗ ಕಚ್ಚಿಸುವ ಉಕ್ಕಿನ ಕೊಂಡಿ) ಎರಡು, ಜಾಕಿಯಡಿಗೆ ಒಂದಡಿ ಚೌಕದ 18 ಮಿ.ಮೀ. ಪ್ಲೈವುಡ್. ಪ್ಲೈವುಡ್ ಇಲ್ಲದಿದ್ದರೆ ಗಾಡಿ ಮೇಲೇಳುವುದಿಲ್ಲ, ಜಾಕಿ ಕೆಳಗಿಳಿಯುತ್ತದೆ. ಟೋ ಬಾರಿನ ಗುಂಡಿಗೆ ಹಗ್ಗ ಹಾಕಿ ಜಗ್ಗಬಾರದು. ಅದು ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ. ಎಳೆಯುವ ಕೊಕ್ಕೆ ಚಾಸಿಗೆ ಬೋಲ್ಟ್ ಆಗಿರಬೇಕು. ಇಬ್ಬರಿಗೆ ದಿನಕ್ಕೆ ಹತ್ತು ಲೀಟರ್ ಕುಡಿಯುವ ನೀರು ಗಾಡಿಯಲ್ಲೇ ಇರಲಿ.

ಹಂತ 10: ಪರೀಕ್ಷೆ ಓಟ, ಎಲ್ಲಿ ಮತ್ತು ಹೇಗೆ

ಕೆಜಿಎಫ್‌ನ ಸಯನೈಡ್ ಗುಡ್ಡಗಳು ದೂರದಿಂದ ಮರಳ ದಿಬ್ಬದಂತೆ ಕಾಣುತ್ತವೆ. ಅಲ್ಲಿಗೆ ಹೋಗಬೇಡಿ. ಅದು ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿ. ಅದರ ಧೂಳು ಊರಿನವರಿಗೆ ಮೊದಲೇ ಸಾಕಾಗಿದೆ, ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಜಾಗವೂ ನಿಮ್ಮದಲ್ಲ.

ಒಣಗಿದ ಕೆರೆಯಂಗಳವೂ ಈಗ ಮೊದಲಿನಂತಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿದಿದೆ. ಮೇಲೆ ಬಿರುಕು ಬಿಟ್ಟ ಮಣ್ಣು, ಅಡಿಯಲ್ಲಿ ಸೊಂಟದವರೆಗೆ ಕೆಸರು ಇರಬಹುದು. ಗೌರಿಬಿದನೂರು ಬಳಿಯ ಉತ್ತರ ಪಿನಾಕಿನಿ, ಕೊರಟಗೆರೆ ಕಡೆಯ ಜಯಮಂಗಲಿ ನದಿಪಾತ್ರಗಳಲ್ಲಿ ಅನುಮತಿಯಿಲ್ಲದೆ ಇಳಿದರೆ ಮರಳು ಸಾಗಿಸುವವರೆಂದು ಹಿಡಿಯುತ್ತಾರೆ.

ಉಳಿಯುವುದು ಸ್ವಂತ ಅಥವಾ ಬಾಡಿಗೆ ಜಮೀನು. ಕಡಿದ ನೀಲಗಿರಿ ತೋಪು ಒಳ್ಳೆಯ ಪರೀಕ್ಷಾ ನೆಲ. ಮೊದಲು ಬೊಡ್ಡೆಗಳನ್ನು ಕೀಳಿಸಿ. ಅಲ್ಲೇ ಒಂದು ಪಕ್ಕ 15 ಮೀಟರ್ ಉದ್ದ, 3 ಮೀಟರ್ ಅಗಲ, ಒಂದಡಿ ಆಳಕ್ಕೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಸುರಿಯಿರಿ: ಸುಮಾರು 13.5 ಘನ ಮೀಟರ್, ಆರು ಚಕ್ರದ ಟಿಪ್ಪರಿನಲ್ಲಿ ಎರಡು ಲೋಡು. ಎಂ-ಸ್ಯಾಂಡಿನ ಕಾಳು ಚೂಪು, ಮರುಭೂಮಿಯದು ನುಣುಪು. ವೇಗ ಕಲಿಯಲು ಇದು ಆಗದು. ಹೂತು ಹೊರಬರುವ ಕಸರತ್ತಿಗೆ, ಗಾಳಿ ಇಳಿಸಿದರೆ ಆಗುವ ವ್ಯತ್ಯಾಸ ಕೈಗೆ ತಿಳಿಯಲು ಸಾಕು.

ಓಟಕ್ಕೆ ಮುನ್ನ ಪ್ರತಿ ಮುಖ್ಯ ನಟ್ಟಿನ ಮೇಲೂ ಬಣ್ಣದ ಪೆನ್ನಿನಿಂದ ನಟ್ಟು ಮತ್ತು ಲೋಹ ಎರಡನ್ನೂ ಸೇರಿಸಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾದರೆ ನಟ್ಟು ತಿರುಗಿದೆ. ಮೊದಲ ದಿನ 20 ಕಿ.ಮೀ. ನಿಧಾನ, ಬಿಚ್ಚಿ ನೋಡಿ. ಎರಡನೇ ದಿನ 50 ಕಿ.ಮೀ. ಮಧ್ಯಮ ವೇಗ, ಬಿಚ್ಚಿ ನೋಡಿ. ಮೂರನೇ ದಿನ ಪೂರ್ತಿ ಡೀಸೆಲ್, ಎರಡು ಸ್ಟೆಪ್ನಿ, ನ್ಯಾವಿಗೇಟರ್ ಸಮೇತ ರೇಸಿನ ತೂಕದಲ್ಲಿ 100 ಕಿ.ಮೀ. ಪ್ರತಿ ಸುತ್ತಿನ ಕೊನೆಗೆ ನಾಲ್ಕೂ ಶಾಕಿನ ಬಿಸಿ ಅಳೆದು ಬರೆದಿಡಿ. ಕೊರೊನಾ ಕಾಲದ ಹಣೆ ನೋಡುವ ಗನ್ನು ಇದಕ್ಕೆ ಬರುವುದಿಲ್ಲ, ಕಾರ್ಖಾನೆಗಳಲ್ಲಿ ಬಳಸುವ ಥರ್ಮಾಮೀಟರ್ ಗನ್ ಬೇಕು. ಎಡ ಬಲ ಶಾಕ್‌ಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ತಣ್ಣಗಿರುವುದೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಕೆಲಸ ಮಾಡುವ ಶಾಕ್ ಬಿಸಿಯಾಗುತ್ತದೆ.

ಮೂರನೇ ದಿನದ ನಂತರ ಮತ್ತೆ ವೇಬ್ರಿಡ್ಜ್ ಹತ್ತಿಸಿ, ಮೊದಲ ಮೂರು ಚೀಟಿಯ ಪಕ್ಕ ಇಟ್ಟು ನೋಡಿ. ಹಿಂದಿನ ಚಕ್ರದ ಮೇಲಿನ ತೂಕ ನೀವು ಎಣಿಸಿದ್ದಕ್ಕಿಂತ ಹೆಚ್ಚಿದ್ದರೆ ಸ್ಟೆಪ್ನಿಗಳನ್ನು ಕ್ಯಾಬಿನ್ ಗೋಡೆಯ ಹತ್ತಿರಕ್ಕೆ ತಳ್ಳಿ ಕಟ್ಟಿ. ಕ್ಯಾರಿಯರ್ ಲಾರಿಗೆ ಹತ್ತಿಸುವ ಹಿಂದಿನ ರಾತ್ರಿ ಹೊಸ ಭಾಗ ಯಾವುದನ್ನೂ ಕೂರಿಸಬೇಡಿ. ಜೈಸಲ್ಮೇರಿನಲ್ಲಿ ಗಾಡಿ ಇಳಿಸಿದ ಮೇಲೆ ತಪಾಸಣೆಯ ಸಾಲಿಗೆ ನಿಲ್ಲುವ ಮುನ್ನ ಯು ಬೋಲ್ಟ್, ಚಕ್ರದ ನಟ್ಟು, ಬ್ಯಾಟರಿ ಪಟ್ಟಿ ಇನ್ನೊಮ್ಮೆ ಬಿಗಿಯಿರಿ. ಲಾರಿಯ ಮೇಲೆ ಎರಡು ಸಾವಿರ ಕಿ.ಮೀ. ಕುಲುಕಿದ ಗಾಡಿಯಲ್ಲಿ ಒಂದಾದರೂ ನಟ್ಟಿನ ಗೆರೆ ತುಂಡಾಗಿರುತ್ತದೆ.